ಯಂತ್ರದ ಬೆಲೆ: ಮೇಜಿ ಕಾಲದ ಜಪಾನಿನ ರೇಷ್ಮೆ ಬಿಚ್ಚಾಣಿಕೆಯ ಇತಿಹಾಸದಿಂದ ಒಂದು ವಿಚಾರ

೧

ಕೈಗಾರಿಕೆಯಲ್ಲಿ ಹಿಂದುಳಿದ ದೇಶವೊಂದು ಮುಂದುವರಿದ ದೇಶಗಳ ಯಂತ್ರವಿದ್ಯೆಯನ್ನು ಪಡೆಯಲು ಹೊರಟಾಗ ಅದರ ಮುಂದೆ ಎರಡು ತೊಡಕುಗಳು ಬಂದು ನಿಲ್ಲುತ್ತವೆ. ಮೊದಲನೆಯದು ತಿಳಿವಳಿಕೆಯ ತೊಡಕು; ಎರಡನೆಯದು ಬೆಲೆಯ ತೊಡಕು. ಮೊದಲನೆಯದನ್ನು ಕುರಿತು ಬಹಳ ಬರೆಯಲಾಗಿದೆ. ತಜ್ಞರನ್ನು ಕರೆಸುವುದು, ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳುಹಿಸುವುದು, ಮಾದರಿ ಕಾರ್ಖಾನೆಗಳನ್ನು ಸ್ಥಾಪಿಸುವುದು, ಇವೆಲ್ಲವೂ ತಿಳಿವಳಿಕೆಯನ್ನು ತರುವ ಉಪಾಯಗಳು. ಆದರೆ ಯಂತ್ರವನ್ನು ಅರಿತುಕೊಂಡ ಮಾತ್ರಕ್ಕೆ ಅದನ್ನು ಕೊಳ್ಳುವ ಶಕ್ತಿ ಬರುವುದಿಲ್ಲ. ಯಂತ್ರವೆಂಬುದು ಹುಟ್ಟಿದ ನಾಡಿನ ಕೂಲಿ, ಕಬ್ಬಿಣ, ಕಲ್ಲಿದ್ದಲು, ಬಡ್ಡಿಯ ದರ ಇವುಗಳ ಅಳತೆಗೆ ತಕ್ಕಂತೆ ರೂಪುಗೊಂಡಿರುತ್ತದೆ. ಕೂಲಿ ದುಬಾರಿಯಾಗಿ ಬಂಡವಾಳ ಅಗ್ಗವಾಗಿರುವ ನಾಡಿನಲ್ಲಿ ಹುಟ್ಟಿದ ಯಂತ್ರವನ್ನು, ಬಂಡವಾಳ ದುಬಾರಿಯಾಗಿ ಕೂಲಿ ಅಗ್ಗವಾಗಿರುವ ನಾಡಿಗೆ ಹಾಗೆಯೇ ಹೊತ್ತು ತಂದರೆ ಏನಾಗುವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ಹತ್ತೊಂಬತ್ತನೆಯ ಶತಮಾನದ ಜಪಾನಿನ ರೇಷ್ಮೆ ಬಿಚ್ಚಾಣಿಕೆಯಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ. ಒಂದೇ ಉದ್ಯಮ, ಒಂದೇ ದಶಕ, ಪಕ್ಕಪಕ್ಕದ ಎರಡು ಪ್ರಾಂತಗಳು. ಒಂದೆಡೆ ಯೂರೋಪಿನ ಯಂತ್ರ ಯಥಾವತ್ತಾಗಿ ನೆಲೆಗೊಂಡಿತು, ಇನ್ನೊಂದೆಡೆ ಅದೇ ಯಂತ್ರವನ್ನು ಹಳ್ಳಿಯ ಬಡಗಿಯೂ ಕುಂಬಾರನೂ ಸೇರಿ ಬೇರೆ ರೂಪದಲ್ಲಿ ಕಟ್ಟಿದರು. ಈ ಎರಡರ ಗತಿಯನ್ನು ಹೋಲಿಸಿ ನೋಡುವುದೂ, ಅಗ್ಗದ ಯಂತ್ರದ ನಿಜವಾದ ಬೆಲೆಯನ್ನು ಯಾರು ತೆತ್ತರೆಂದು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶ. ರೇಷ್ಮೆಯ ನಾಡಾದ ನಮಗೆ ಈ ವಿಚಾರ ದೂರದ್ದೇನೂ ಅಲ್ಲ.

೨

೧೮೫೯ರಲ್ಲಿ ಯೊಕೊಹಾಮಾ ಬಂದರು ವಿದೇಶೀ ವ್ಯಾಪಾರಕ್ಕೆ ತೆರೆಯಿತು. ಆ ಕಾಲಕ್ಕೆ ಸರಿಯಾಗಿ ಫ್ರಾನ್ಸ್ ಮತ್ತು ಇಟಲಿಯ ರೇಷ್ಮೆಹುಳುಗಳು ಪೆಬ್ರಿನ್ ಎಂಬ ಅಂಟುರೋಗಕ್ಕೆ ತುತ್ತಾಗಿ ನಾಶವಾಗುತ್ತಿದ್ದವು. ಯೂರೋಪಿನ ವರ್ತಕರು ಜಪಾನಿನ ರೇಷ್ಮೆಗೂ ಹುಳುವಿನ ಮೊಟ್ಟೆಗೂ ಮುಗಿಬಿದ್ದರು. ಬೇಡಿಕೆ ಏರಿದಂತೆ ಗುಣ ಇಳಿಯಿತು. ಅವಸರದಲ್ಲಿ ಬಿಚ್ಚಿದ, ದಪ್ಪ ತೆಳುವುಗಳ ನಿಯಮವಿಲ್ಲದ ನೂಲು ಯೊಕೊಹಾಮಾಕ್ಕೆ ಬಂದು ಬೀಳತೊಡಗಿತು. ಯೂರೋಪಿನ ರೇಷ್ಮೆ ಚೇತರಿಸಿಕೊಂಡ ಕೂಡಲೇ ಈ ನೂಲಿಗೆ ಗಿರಾಕಿಯಿರದೆಂಬ ಭಯ ೧೮೬೮ರಲ್ಲಿ ಅಧಿಕಾರಕ್ಕೆ ಬಂದ ಮೇಜಿ ಸರ್ಕಾರವನ್ನು ಕಾಡಿತು. ವಿದೇಶಗಳೊಡನೆ ಮಾಡಿಕೊಂಡಿದ್ದ ಅಸಮಾನ ಒಪ್ಪಂದಗಳಿಂದಾಗಿ ಆಮದು ಸುಂಕವನ್ನು ಏರಿಸುವ ಸ್ವಾತಂತ್ರ್ಯವೂ ಆ ಸರ್ಕಾರಕ್ಕಿರಲಿಲ್ಲ. ಹಡಗು, ಫಿರಂಗಿ, ರೈಲು ಎಲ್ಲವನ್ನೂ ಕೊಳ್ಳಬೇಕಾಗಿದ್ದ ದೇಶಕ್ಕೆ ಹಣ ತರುತ್ತಿದ್ದ ಸರಕುಗಳಲ್ಲಿ ರೇಷ್ಮೆಯೇ ಮುಖ್ಯವಾದದ್ದು.

ಇಲ್ಲಿ ಬಿಚ್ಚಾಣಿಕೆಯ ಕ್ರಮವನ್ನು ಸ್ಥೂಲವಾಗಿ ವಿವರಿಸುವುದು ಅವಶ್ಯ. ರೇಷ್ಮೆಗೂಡು ಹಲವು ನೂರು ಮೀಟರು ಉದ್ದದ ಒಂದೇ ಎಳೆಯಿಂದಾದುದು. ಎಳೆಯ ಸುತ್ತುಗಳನ್ನು ಹಿಡಿದಿಟ್ಟಿರುವ ಅಂಟು ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ. ಕೆಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಎತ್ತಿ ರಾಟೆಗೆ ಸುತ್ತಿದರೆ ಕಚ್ಚಾ ರೇಷ್ಮೆಯ ನೂಲು ಸಿದ್ಧವಾಗುತ್ತದೆ. ಗೂಡಿನ ಒಳಭಾಗಕ್ಕೆ ಹೋದಂತೆ ಎಳೆ ತೆಳುವಾಗುವುದರಿಂದಲೂ, ಒಂದೊಂದು ಗೂಡು ಒಂದೊಂದು ಹೊತ್ತಿಗೆ ಮುಗಿಯುವುದರಿಂದಲೂ, ಬಿಚ್ಚುವವಳು ಎಡೆಬಿಡದೆ ನೋಡುತ್ತಿದ್ದು ಹೊಸ ಗೂಡಿನ ಎಳೆಯನ್ನು ಸೇರಿಸುತ್ತಿರಬೇಕು. ನೂಲಿನ ಸಮತೆಯೆಲ್ಲ ಈ ಸೇರಿಸುವ ಕೈಯಲ್ಲಿದೆ.

ಜಪಾನಿನ ಹಳೆಯ ಪದ್ಧತಿಯಲ್ಲಿ ಹೆಂಗಸು ಒಂದು ಕೈಯಿಂದ ರಾಟೆಯನ್ನು ತಿರುಗಿಸುತ್ತ ಇನ್ನೊಂದು ಕೈಯಿಂದ ಎಳೆಗಳನ್ನು ಸೇರಿಸುತ್ತಿದ್ದಳು. ಯೂರೋಪಿನ ಪದ್ಧತಿಯ ಹಿರಿಮೆ ಮೂರು ಅಂಶಗಳಲ್ಲಿತ್ತು. ಮೊದಲನೆಯದಾಗಿ, ರಾಟೆಯನ್ನು ಬೇರೊಂದು ಶಕ್ತಿ ತಿರುಗಿಸುತ್ತಿದ್ದುದರಿಂದ ಎರಡು ಕೈಗಳೂ ಬಿಡುವಾಗುತ್ತಿದ್ದವು. ಎರಡನೆಯದಾಗಿ, ಆವಿಯಿಂದ ಕಾಯಿಸಿದ ನೀರು ಒಂದೇ ಹದದಲ್ಲಿರುತ್ತಿತ್ತು. ಮೂರನೆಯದಾಗಿ, ಹಸಿ ನೂಲನ್ನು ಇನ್ನೊಂದು ನೂಲಿನೊಡನೆಯಾಗಲಿ ತನ್ನೊಡನೆಯೇ ಆಗಲಿ ಹೆಣೆದು ಸಾಗಿಸುತ್ತಿದ್ದುದರಿಂದ ನೀರು ಹಿಂಡಿಹೋಗಿ, ಎಳೆಗಳು ಒತ್ತಾಗಿ, ನೂಲು ದುಂಡಗಾಗುತ್ತಿತ್ತು. ಈ ಮೂರನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಇವುಗಳಲ್ಲಿ ಯಾವುದಕ್ಕೂ ಇಟ್ಟಿಗೆಯ ಭವ್ಯ ಕಟ್ಟಡವಾಗಲಿ ಕಬ್ಬಿಣದ ಚೌಕಟ್ಟಾಗಲಿ ಅನಿವಾರ್ಯವಲ್ಲ.

೩

೧೮೭೨ರಲ್ಲಿ ಸರ್ಕಾರವು ಈಗಿನ ಗುನ್ಮಾ ಪ್ರಾಂತದ ತೊಮಿಯೊಕಾದಲ್ಲಿ ಮಾದರಿ ಕಾರ್ಖಾನೆಯನ್ನು ತೆರೆಯಿತು. ಪಾಲ್ ಬ್ರ್ಯೂನಾ ಎಂಬ ಫ್ರೆಂಚ್ ತಜ್ಞನು ಅದರ ಮೇಲ್ವಿಚಾರಕ. ೩೦೦ ಬೋಗುಣಿಗಳ ಆ ಕಾರ್ಖಾನೆ ಅಂದಿನ ಪ್ರಪಂಚದ ಅತಿ ದೊಡ್ಡ ಬಿಚ್ಚಾಣಿಕೆಯ ಕಾರ್ಖಾನೆಗಳಲ್ಲಿ ಒಂದು. ಬೋಗುಣಿಗಳೂ ಆವಿಯಂತ್ರವೂ ಫ್ರಾನ್ಸಿನಿಂದ ಬಂದವು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿ ಕಟ್ಟಡ ಎದ್ದಿತು. ಆ ಇಟ್ಟಿಗೆಗಳನ್ನು ಸುಡುವ ವಿದ್ಯೆಯನ್ನೇ ಅಲ್ಲಿನ ಹೆಂಚುಗಾರರು ಹೊಸದಾಗಿ ಕಲಿಯಬೇಕಾಯಿತು. ಒಟ್ಟು ವೆಚ್ಚ ಸುಮಾರು ೨ ಲಕ್ಷ ಯೆನ್.

ಕೆಲಸಕ್ಕೆ ಹುಡುಗಿಯರನ್ನು ಒದಗಿಸುವುದೂ ಸುಲಭವಾಗಲಿಲ್ಲ. ಪರದೇಶಿಗಳು ಕುಡಿಯುವ ಕೆಂಪು ದ್ರಾಕ್ಷಾರಸವನ್ನು ಕಂಡು, ಅವರು ಮನುಷ್ಯರ ರಕ್ತವನ್ನು ಹೀರುತ್ತಾರೆಂಬ ವದಂತಿ ಹಬ್ಬಿತ್ತು. ಕೊನೆಗೆ ಸಮುರಾಯಿ ಮನೆತನಗಳ ಹೆಣ್ಣುಮಕ್ಕಳೇ ಅನೇಕರು ಮುಂದೆ ಬಂದರು. ಅಲ್ಲಿ ದಿನಕ್ಕೆ ಸರಾಸರಿ ಎಂಟು ಗಂಟೆಗೂ ಕಡಿಮೆ ದುಡಿಮೆ, ಭಾನುವಾರ ರಜೆ, ವೈದ್ಯನ ಸೌಕರ್ಯ ಇದ್ದವು. ೧೮೭೩ರಲ್ಲಿ ಮತ್ಸುಶಿರೊ ಪಟ್ಟಣದಿಂದ ಹೋಗಿ ಕಲಿತ ವಾಡಾ ಎಯಿ ಎಂಬ ಮಹಿಳೆ ಮುಂದೆ ಬರೆದ ಸ್ಮೃತಿಗಳು ಈ ಕಾರ್ಖಾನೆಯ ಜೀವನವನ್ನು ತಿಳಿಯಲು ಇಂದಿಗೂ ಮುಖ್ಯ ಆಧಾರ.

ಲೆಕ್ಕದ ಪುಸ್ತಕದಲ್ಲಿ ಮಾತ್ರ ತೊಮಿಯೊಕಾ ಗೆಲ್ಲಲಿಲ್ಲ. ಯಂತ್ರದ ಬಂಡವಾಳ, ವಿದೇಶೀ ಸಿಬ್ಬಂದಿಯ ಸಂಬಳ, ನಿರ್ವಹಣೆಯ ಖರ್ಚು ಇವುಗಳ ಭಾರದಿಂದ ಆರಂಭದ ವರ್ಷಗಳಲ್ಲಿ ನಷ್ಟವೇ ಬಂದಿತು. ೧೮೭೫ರ ಕೊನೆಗೆ ಫ್ರೆಂಚರು ಹಿಂದಿರುಗಿದರು. ೧೮೯೩ರಲ್ಲಿ ಸರ್ಕಾರ ಅದನ್ನು ಮಿತ್ಸುಯಿ ಸಂಸ್ಥೆಗೆ ಮಾರಿತು. ಕೈಯಿಂದ ಕೈಗೆ ಸಾಗಿ ೧೯೮೭ರವರೆಗೂ ಕೆಲಸ ನಡೆಸಿದ ಆ ಕಾರ್ಖಾನೆ ೨೦೧೪ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಹೀಗಿದ್ದರೂ ಅದನ್ನು ವ್ಯರ್ಥವೆನ್ನುವುದು ನ್ಯಾಯವಲ್ಲ. ಅದು ಕಾರ್ಖಾನೆಯಾಗಿ ಸೋತಿತು, ಶಾಲೆಯಾಗಿ ಗೆದ್ದಿತು. ಅಲ್ಲಿ ಕಲಿತ ಹುಡುಗಿಯರು ತಮ್ಮ ತಮ್ಮ ಊರುಗಳಿಗೆ ಮರಳಿ ಇತರರಿಗೆ ಕಲಿಸಿದರು. ವಾಡಾ ಎಯಿ ತನ್ನ ಊರಿನ ಬಳಿ ಸ್ಥಳೀಯರು ಕಟ್ಟಿದ ಕಾರ್ಖಾನೆಯಲ್ಲಿ ಬೋಧಕಿಯಾದಳು. ತೊಮಿಯೊಕಾದ ವಿದ್ಯೆ ನಾಡಿನಲ್ಲಿ ಹರಡಿತು. ತೊಮಿಯೊಕಾದ ಯಂತ್ರ ಮಾತ್ರ ಅದೇ ರೂಪದಲ್ಲಿ ಹರಡಲಿಲ್ಲ, ಏಕೆಂದರೆ ಅದನ್ನು ಕೊಳ್ಳುವವರಿರಲಿಲ್ಲ.

೪

ತೊಮಿಯೊಕಾದ ಪಶ್ಚಿಮಕ್ಕೆ, ಬೆಟ್ಟಗಳಾಚೆ, ನಾಗಾನೊ ಪ್ರಾಂತದಲ್ಲಿ ಸುವಾ ಸರೋವರವಿದೆ. ಅದರ ದಡದ ರೈತರು ಹಿಂದಿನಿಂದಲೂ ರೇಷ್ಮೆ ಬಿಚ್ಚುತ್ತಿದ್ದವರು. ೧೮೭೫ರಲ್ಲಿ ತಾಕೆಯಿ ದೈಜಿರೊ ಎಂಬಾತನೂ ಅವನ ಸಂಗಡಿಗರೂ ಕೂಡಿ ನಕಾಯಾಮಾಶಾ ಎಂಬ ೧೦೦ ಬೋಗುಣಿಗಳ ಕಾರ್ಖಾನೆಯನ್ನು ಕಟ್ಟಿದರು. ಅದಕ್ಕೆ ತಗುಲಿದ ವೆಚ್ಚ ೨,೦೦೦ ಯೆನ್ನಿಗೂ ಒಳಗೆ. ಬೋಗುಣಿಯೊಂದರ ಲೆಕ್ಕಕ್ಕೆ ಹಿಡಿದರೆ ತೊಮಿಯೊಕಾದಲ್ಲಿ ಆರುನೂರಕ್ಕೂ ಹೆಚ್ಚು ಯೆನ್ ಬೀಳುತ್ತದೆ, ಇಲ್ಲಿ ಇಪ್ಪತ್ತು ಯೆನ್ನೂ ಬೀಳುವುದಿಲ್ಲ.

ಇಂಥ ಉಳಿತಾಯ ಸಾಧ್ಯವಾದುದು ಹೇಗೆ? ಲೋಹದ ಚೌಕಟ್ಟಿಗೆ ಬದಲಾಗಿ ಊರ ಬಡಗಿ ಮಾಡಿದ ಮರದ ಚೌಕಟ್ಟು ಬಂದಿತು. ಲೋಹದ ಬೋಗುಣಿಯ ಸ್ಥಾನದಲ್ಲಿ ಕುಂಬಾರನ ಬೋಗುಣಿ ಕುಳಿತಿತು. ರಾಟೆಗಳನ್ನು ತಿರುಗಿಸಲು ಆವಿಯಂತ್ರದ ಬದಲು ನೀರಿನ ಚಕ್ರವನ್ನು ಹೂಡಿದರು. ನೀರು ಕಾಯಿಸಲು ಚಿಕ್ಕ ಬಾಯ್ಲರೊಂದು ಸಾಕಾಯಿತು. ನೂಲನ್ನು ಹೆಣೆಯುವ ಕ್ರಮದಲ್ಲಿ ತೊಮಿಯೊಕಾದ ಫ್ರೆಂಚ್ ಪದ್ಧತಿಯನ್ನೂ, ಬೇರೆ ಕಾರ್ಖಾನೆಗಳ ಮೂಲಕ ಜಪಾನಿಗೆ ಬಂದಿದ್ದ ಇಟಲಿಯ ಪದ್ಧತಿಯನ್ನೂ ಪರೀಕ್ಷಿಸಿ, ಎರಡರಲ್ಲಿ ತಮಗೆ ಬೇಕಾದುದನ್ನು ಆರಿಸಿಕೊಂಡರು.

ಈ ಪಟ್ಟಿಯನ್ನು ಹಿಂದೆ ಹೇಳಿದ ಮೂರು ಅಂಶಗಳೊಡನೆ ಹೋಲಿಸಿ ನೋಡಬೇಕು. ಎರಡು ಕೈಗಳಿಗೂ ಬಿಡುವು ಇದೆ. ಹದವಾದ ಬಿಸಿನೀರು ಇದೆ. ನೂಲಿನ ಹೆಣಿಗೆ ಇದೆ. ಯಂತ್ರದ ಸಾರವನ್ನು ಉಳಿಸಿಕೊಂಡು ಅದರ ದೇಹವನ್ನು ಬದಲಿಸಲಾಗಿದೆ. ಮೇಲುನೋಟಕ್ಕೆ ಇದು ಬಡವರ ಅನುಕರಣೆಯಂತೆ ಕಂಡರೂ, ವಾಸ್ತವವಾಗಿ ಯಂತ್ರದಲ್ಲಿ ಯಾವುದು ಮುಖ್ಯ, ಯಾವುದು ಅದು ಹುಟ್ಟಿದ ದೇಶದ ಅನುಕೂಲಕ್ಕೆ ಸೇರಿದ್ದು ಎಂಬುದನ್ನು ಬೇರ್ಪಡಿಸಿ ನೋಡಿದ ಸೂಕ್ಷ್ಮ ಬುದ್ಧಿಯ ಫಲ. ಇದರಿಂದ ಇನ್ನೊಂದು ಪ್ರಯೋಜನವೂ ಒದಗಿತು. ಬೋಗುಣಿ ಒಡೆದರೆ, ಚಕ್ರ ಮುರಿದರೆ, ದುರಸ್ತಿಗೆ ಲಿಯೋನ್ ನಗರಕ್ಕೆ ಪತ್ರ ಬರೆಯಬೇಕಾಗಿರಲಿಲ್ಲ. ಅದನ್ನು ಮಾಡಿದವನು ನೆರೆಯ ಕೇರಿಯಲ್ಲಿಯೇ ಇದ್ದನು. ಯಂತ್ರ ಕೆಟ್ಟು ನಿಂತ ದಿನಗಳ ನಷ್ಟವೂ ಅದರ ಬೆಲೆಯ ಭಾಗವೇ ಎಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಅಗ್ಗದ ಯಂತ್ರದಿಂದ ಬಂದ ನೂಲು ತೊಮಿಯೊಕಾದ ನೂಲಿಗೆ ಸಮನಾಗಿತ್ತೆ? ಇರಲಿಲ್ಲ. ಸುವಾದ ನೂಲು ಮಧ್ಯಮ ದರ್ಜೆಯದು. ಆದರೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಶಕ್ತಿಚಾಲಿತ ಮಗ್ಗಗಳ ರೇಷ್ಮೆ ನೇಯ್ಗೆ ವಿಸ್ತಾರಗೊಳ್ಳುತ್ತಿತ್ತು. ಆ ಮಗ್ಗಗಳಿಗೆ ಬೇಕಾಗಿದ್ದುದು ಅತ್ಯುತ್ತಮವಾದ ಅಲ್ಪಸ್ವಲ್ಪ ನೂಲಿಗಿಂತ, ಒಂದೇ ಸಮನಾದ, ನಂಬಬಹುದಾದ, ವಿಪುಲವಾದ ನೂಲು. ಸುವಾ ಆ ಮಾರುಕಟ್ಟೆಯನ್ನು ಹಿಡಿಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೆ ಜಪಾನು ಚೀಣವನ್ನು ಹಿಂದೆ ಹಾಕಿ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಪ್ರಪಂಚಕ್ಕೇ ಮೊದಲನೆಯದಾಯಿತು.

೫

ಯಂತ್ರದ ಬೆಲೆಯೊಂದೇ ಈ ಏಳಿಗೆಗೆ ಕಾರಣವೆಂದರೆ ತಪ್ಪಾದೀತು. ಯಂತ್ರದ ಸುತ್ತ ಕಟ್ಟಿಕೊಂಡ ವ್ಯವಸ್ಥೆಗಳೂ ಅಷ್ಟೇ ಮುಖ್ಯ.

ಬಿಚ್ಚಾಣಿಕೆಯಲ್ಲಿ ಖರ್ಚಿನ ಬಹುಪಾಲು ಹೋಗುವುದು ಗೂಡಿಗೆ. ವರ್ಷದ ಕೆಲವೇ ವಾರಗಳಲ್ಲಿ ಬರುವ ಗೂಡನ್ನು ಕೊಂಡಿಟ್ಟುಕೊಳ್ಳಲು ಕೈಯಲ್ಲಿ ಹಣ ಬೇಕು. ಮರದ ಯಂತ್ರದಿಂದ ಉಳಿದ ಹಣ ಗೂಡಿನ ಖರೀದಿಗೆ ಒದಗಿತು. ಸಾಲದುದನ್ನು ಯೊಕೊಹಾಮಾದ ರೇಷ್ಮೆ ವರ್ತಕರು ಮುಂಗಡವಾಗಿ ಕೊಟ್ಟರು. ಪ್ರಾಂತದ ಬ್ಯಾಂಕುಗಳು ಗೂಡನ್ನೂ ನೂಲನ್ನೂ ಒತ್ತೆಯಿಟ್ಟುಕೊಂಡು ಸಾಲ ನೀಡಿದವು. ಭೂಮಿಯನ್ನೇ ಅಡವಿಡಬೇಕೆಂಬ ನಿರ್ಬಂಧವಿಲ್ಲದೆ ಸರಕಿನ ಮೇಲೆ ಸಾಲ ಹುಟ್ಟಿದುದು ಸಣ್ಣ ಉದ್ಯಮಿಗೆ ದೊಡ್ಡ ಆಸರೆಯಾಯಿತು.

ಇನ್ನು ಗುಣದ ವಿಚಾರ. ಒಬ್ಬೊಬ್ಬ ಸಣ್ಣ ಬಿಚ್ಚಾಣಿಕೆದಾರನ ನೂಲೂ ಒಂದೊಂದು ಬಗೆಯಾಗಿದ್ದರೆ ಹೊರದೇಶದ ಗಿರಾಕಿ ಕೊಳ್ಳನು. ಇದಕ್ಕಾಗಿ ಅವರು ಸಂಘಗಳನ್ನು ಕಟ್ಟಿಕೊಂಡರು. ಗುನ್ಮಾ ಪ್ರಾಂತದಲ್ಲಿ ೧೮೭೮ರಲ್ಲಿ ಹುಟ್ಟಿದ ಉಸುಯಿಶಾ, ಸುವಾದಲ್ಲಿ ೧೮೭೯ರಲ್ಲಿ ಹುಟ್ಟಿದ ಕೈಮೆಯಿಶಾ ಇಂಥವು. ಉಸುಯಿಶಾದ ಸದಸ್ಯರು ತಮ್ಮ ಮನೆಗಳಲ್ಲಿಯೇ ಕೈರಾಟೆಯಿಂದ ಬಿಚ್ಚಿದ ನೂಲನ್ನು ಸಂಘಕ್ಕೆ ತರುತ್ತಿದ್ದರು. ಅಲ್ಲಿ ಅದನ್ನು ದೊಡ್ಡ ರಾಟೆಗಳಿಗೆ ಮರುಸುತ್ತಿ, ಪರೀಕ್ಷಿಸಿ, ದರ್ಜೆಗಳಾಗಿ ವಿಂಗಡಿಸಿ, ಒಂದೇ ಮುದ್ರೆಯಲ್ಲಿ ಮಾರುತ್ತಿದ್ದರು. ಒಬ್ಬನಿಗೆ ದಕ್ಕದ ಸಲಕರಣೆ ನೂರು ಜನಕ್ಕೆ ದಕ್ಕಿತು.

ವಿಜ್ಞಾನವೂ ಈ ದಾರಿಯಲ್ಲಿ ನೆರವಾಯಿತು. ಬೆಟ್ಟದ ಬಿರುಕುಗಳಿಂದ ಬೇಸಗೆಯಲ್ಲಿಯೂ ತಣ್ಣನೆಯ ಗಾಳಿ ಬೀಸುವ ಕಡೆಗಳಲ್ಲಿ ಉಗ್ರಾಣಗಳನ್ನು ಕಟ್ಟಿ ಹುಳುವಿನ ಮೊಟ್ಟೆಗಳನ್ನು ಕಾಪಿಟ್ಟರು. ಇದರಿಂದ ಬೇಸಗೆಯಲ್ಲಿಯೂ ಶರತ್ಕಾಲದಲ್ಲಿಯೂ ಹುಳು ಸಾಕುವುದು ಸಾಧ್ಯವಾಗಿ, ಬೋಗುಣಿಗಳು ಖಾಲಿ ಕೂರುವ ದಿನಗಳು ಕಡಿಮೆಯಾದವು. ತೊಯಾಮಾ ಕಾಮೆತಾರೊ ಎಂಬ ವಿಜ್ಞಾನಿ ಮೆಂಡೆಲನ ನಿಯಮಗಳು ರೇಷ್ಮೆಹುಳುವಿಗೂ ಅನ್ವಯಿಸುತ್ತವೆಂದು ತೋರಿಸಿ, ಮೊದಲ ಪೀಳಿಗೆಯ ಮಿಶ್ರತಳಿಯನ್ನು ಸಾಕಬೇಕೆಂದು ೧೯೦೬ರಲ್ಲಿ ಪ್ರತಿಪಾದಿಸಿದನು. ೧೯೧೪ರಿಂದ ಸರ್ಕಾರ ಇಂಥ ತಳಿಗಳ ಹಂಚಿಕೆಗೆ ತೊಡಗಿತು. ರೈತನು ಹೊಸ ಸಲಕರಣೆಗೆ ಕಾಸು ಹಾಕದೆಯೇ ಹೆಚ್ಚು ನೂಲಿನ ಗೂಡನ್ನು ಪಡೆದನು. ಬಡವನ ಕೈಗೆಟುಕುವ ಯಂತ್ರವಿದ್ಯೆಗಳಲ್ಲಿ ಒಳ್ಳೆಯ ಬಿತ್ತನೆಯಷ್ಟು ಅಗ್ಗವಾದುದು ಇನ್ನೊಂದಿಲ್ಲ.

೬

ಇಷ್ಟರವರೆಗಿನ ಕಥೆ ಆಶಾದಾಯಕವಾದುದು. ಇಲ್ಲಿಗೇ ಮುಗಿಸಿದರೆ ಇತಿಹಾಸಕ್ಕೆ ದ್ರೋಹ ಬಗೆದಂತಾಗುತ್ತದೆ.

ಮರದ ಚೌಕಟ್ಟು, ಮಣ್ಣಿನ ಬೋಗುಣಿ, ನೀರಿನ ಚಕ್ರ ಇವುಗಳಿಂದ ಆದ ಉಳಿತಾಯ ಬುದ್ಧಿಯಿಂದ ಬಂದ ಉಳಿತಾಯ. ಆದರೆ ಸುವಾದ ಅಗ್ಗತನದಲ್ಲಿ ಇನ್ನೊಂದು ಪಾಲೂ ಇತ್ತು. ಅದು ಹೆಣ್ಣುಮಕ್ಕಳ ದೇಹದಿಂದ ಬಂದ ಪಾಲು. ತೊಮಿಯೊಕಾದ ಎಂಟು ಗಂಟೆಯ ದಿನ ಹಳ್ಳಿಗಾಡಿನ ಕಾರ್ಖಾನೆಗಳಲ್ಲಿ ಉಳಿಯಲಿಲ್ಲ. ಹದಿಮೂರು ಹದಿನಾಲ್ಕು ಗಂಟೆಗಳವರೆಗೂ ದುಡಿಮೆ ಬೆಳೆಯಿತು. ಹೀದಾ ಪ್ರದೇಶದ ಬಡ ರೈತರ ಹುಡುಗಿಯರು ತಂದೆತಾಯಿಗಳು ಪಡೆದ ಮುಂಗಡಕ್ಕೆ ಕಟ್ಟುಬಿದ್ದು, ಹಿಮ ತುಂಬಿದ ನೊಮುಗಿ ಕಣಿವೆಯನ್ನು ಕಾಲ್ನಡಿಗೆಯಲ್ಲಿ ದಾಟಿ ಸುವಾಕ್ಕೆ ಬರುತ್ತಿದ್ದರು. ಕೂಲಿಯ ಕ್ರಮವೂ ವಿಚಿತ್ರವಾದುದು. ಒಟ್ಟು ಕೂಲಿಯ ಮೊತ್ತವನ್ನು ಮೊದಲೇ ನಿಗದಿ ಮಾಡಿ, ನೂಲಿನ ಪ್ರಮಾಣ ಮತ್ತು ಗುಣಗಳಲ್ಲಿ ಒಬ್ಬಳನ್ನು ಇನ್ನೊಬ್ಬಳೊಡನೆ ತೂಗಿ ದರ್ಜೆ ಕಟ್ಟುತ್ತಿದ್ದರು. ಒಬ್ಬಳ ಜಾಣ್ಮೆ ಹೆಚ್ಚಿದರೆ ಪಕ್ಕದವಳ ಕೂಲಿ ಇಳಿಯುತ್ತಿತ್ತು. ಕೆಲಸಗಾರ್ತಿ ಬೇರೆ ಕಾರ್ಖಾನೆಗೆ ಹೋಗದಂತೆ ಮಾಲೀಕರು ತಮ್ಮತಮ್ಮೊಳಗೆ ನೋಂದಣಿಯ ಒಪ್ಪಂದ ಮಾಡಿಕೊಂಡಿದ್ದರು. ಆವಿ ತುಂಬಿದ ಕೊಠಡಿಗಳಲ್ಲಿ ಕ್ಷಯರೋಗ ಹರಡಿತು.

ಈ ಹೆಣ್ಣುಮಕ್ಕಳು ಎಲ್ಲವನ್ನೂ ಮೌನವಾಗಿ ಸಹಿಸಿದರೆಂದೂ ತಿಳಿಯಬಾರದು. ೧೮೮೬ರಲ್ಲಿ ಕೋಫು ನಗರದ ಅಮೆಮಿಯಾ ಕಾರ್ಖಾನೆಯ ಹೆಂಗಸರು ಕೆಲಸ ನಿಲ್ಲಿಸಿ ದೇವಾಲಯವೊಂದರಲ್ಲಿ ಸೇರಿದರು. ಜಪಾನಿನ ಮೊದಲ ಕಾರ್ಖಾನೆ ಮುಷ್ಕರವೆಂದು ಇತಿಹಾಸಕಾರರು ಗುರುತಿಸುವುದು ಇದನ್ನೇ. ೧೯೨೭ರಲ್ಲಿ ಸುವಾ ತೀರದ ಓಕಾಯಾದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಮುಷ್ಕರ ಹೂಡಿದರು. ಸರ್ಕಾರವೇ ನಡೆಸಿದ ವಿಚಾರಣೆಯ ವರದಿ ೧೯೦೩ರಲ್ಲಿ ಸಿದ್ಧವಾಗಿದ್ದರೂ ಕಾರ್ಖಾನೆಗಳ ಕಾನೂನು ಬಂದುದು ೧೯೧೧ರಲ್ಲಿ, ಜಾರಿಯಾದುದು ೧೯೧೬ರಲ್ಲಿ. ಅದರಲ್ಲಿಯೂ ದುಡಿಮೆಯ ಅವಧಿಯ ವಿಚಾರದಲ್ಲಿ ರೇಷ್ಮೆ ಬಿಚ್ಚಾಣಿಕೆಗೆ ವರ್ಷಗಟ್ಟಲೆ ರಿಯಾಯಿತಿ ಇತ್ತು.

ಯಾಮಾಮೊತೊ ಶಿಗೆಮಿ ಎಂಬ ಲೇಖಕನು ಈ ಕೆಲಸಗಾರ್ತಿಯರಲ್ಲಿ ಅಂದಿಗೆ ಬದುಕಿದ್ದ ಹಲವರನ್ನು ಕಂಡು ಮಾತನಾಡಿಸಿ ೧೯೬೮ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಅವರಲ್ಲಿ ಅನೇಕರು, ಕಾರ್ಖಾನೆಯ ಊಟ ಮನೆಯ ಊಟಕ್ಕಿಂತ ಮೇಲಾಗಿತ್ತೆಂದೂ ಹೋದುದಕ್ಕೆ ಪಶ್ಚಾತ್ತಾಪವಿಲ್ಲವೆಂದೂ ಹೇಳಿದರು. ಈ ಸಾಕ್ಷ್ಯವನ್ನು ನಾವು ತಳ್ಳಿಹಾಕುವಂತಿಲ್ಲ. ಆದರೆ ಅದು ಕಾರ್ಖಾನೆಯ ದಯೆಗಿಂತ ಹೆಚ್ಚಾಗಿ ಹಳ್ಳಿಯ ಹಸಿವನ್ನು ಅಳೆದು ತೋರಿಸುತ್ತದೆ.

೭

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಜಪಾನಿಗೂ ಮೈಸೂರು ಸೀಮೆಗೂ ರೇಷ್ಮೆಯ ನಂಟು ಹಳೆಯದು. ಜಮ್ಷೆಡ್‌ಜಿ ಟಾಟಾ ಅವರು ೧೮೯೩ರಲ್ಲಿ ಜಪಾನಿಗೆ ಹೋಗಿದ್ದರು. ಅದೇ ಶತಮಾನದ ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲಿ ಜಪಾನೀ ತಜ್ಞರ ನೆರವಿನಿಂದ ರೇಷ್ಮೆ ತೋಟವೊಂದನ್ನು ಸ್ಥಾಪಿಸಿದರು. ಬಸವನಗುಡಿಯ ಬಳಿಯ ಬಡಾವಣೆಗೆ ಇಂದಿಗೂ ಅದೇ ಹೆಸರು ಉಳಿದಿದೆ. ೧೮೯೮ರಲ್ಲಿ ಜಪಾನನ್ನು ಕಂಡು ಬಂದ ವಿಶ್ವೇಶ್ವರಯ್ಯನವರು ಮುಂದೆ ದಿವಾನರಾಗಿದ್ದಾಗ ಸಂಸ್ಥಾನದಲ್ಲಿ ರೇಷ್ಮೆಗೆ ಪ್ರೋತ್ಸಾಹ ದೊರೆಯಿತು. ೧೯೯೧ರಿಂದ ಜಪಾನಿನ ಸಹಕಾರದೊಡನೆ ಮೈಸೂರಿನ ಕೇಂದ್ರೀಯ ಸಂಶೋಧನ ಸಂಸ್ಥೆಯಲ್ಲಿ ನಡೆದ ಯೋಜನೆಯ ಕಾಲದಲ್ಲಿ ನಮ್ಮ ಹವೆಗೆ ಹೊಂದುವ ದ್ವಿತಳಿ ಮಿಶ್ರತಳಿಗಳು ರೈತರ ಕೈಸೇರಿದವು.

ಬಿಚ್ಚಾಣಿಕೆಯಲ್ಲಿಯೂ ನಮ್ಮಲ್ಲಿ ಮೂರು ಮೆಟ್ಟಿಲುಗಳನ್ನು ಕಾಣಬಹುದು. ಮೊದಲನೆಯದು ಚರಕ: ಒಲೆಯ ಮೇಲಿನ ಒಂದೇ ಬಾಣಲೆಯಲ್ಲಿ ಗೂಡನ್ನು ಬೇಯಿಸುತ್ತ ಅಲ್ಲಿಂದಲೇ ಎಳೆಯೆತ್ತುವುದು, ಒಬ್ಬರು ಬಿಚ್ಚಲು, ಇನ್ನೊಬ್ಬರು ಚಕ್ರ ತಿರುಗಿಸಲು. ಎರಡನೆಯದು ಕಾಟೇಜ್ ಬೇಸಿನ್: ಇಲ್ಲಿ ಬೇಯಿಸುವುದು ಬೇರೆ, ಬಿಚ್ಚುವುದು ಬೇರೆ, ಒಂದು ಬೋಗುಣಿಯಿಂದ ಹಲವು ನೂಲುಗಳು ಏಳುತ್ತವೆ, ಹೆಣಿಗೆಯೂ ಮರುಸುತ್ತೂ ಉಂಟು. ಮೂರನೆಯದು ಸ್ವಯಂಚಾಲಿತ ಯಂತ್ರ. ಮೂರನೆಯದರ ನೂಲು ನಿಸ್ಸಂದೇಹವಾಗಿ ಉತ್ತಮವಾದುದು. ಅದರ ಬೆಲೆ ಸಹಾಯಧನವಿಲ್ಲದೆ ಸಣ್ಣವರ ಕೈಗೆ ಎಟುಕದು. ಎರಡನೆಯ ಮೆಟ್ಟಿಲಿನ ಮಹತ್ವವಿರುವುದು ಇಲ್ಲಿಯೇ. ಸುವಾದ ಯಂತ್ರದಂತೆ ಅದೂ ಮಧ್ಯದ ದಾರಿ. ಊರ ಸಮೀಪದಲ್ಲೇ ತಯಾರಾಗಿ ಅಲ್ಲಿಯೇ ದುರಸ್ತಿಯಾಗುವಂಥದು. ರಾಮನಗರ ಅಥವಾ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗ್ಗೆ ನಿಂತು ನೋಡಿದವರಿಗೆ, ಸಣ್ಣ ಬಿಚ್ಚಾಣಿಕೆದಾರನ ಚಿಂತೆ ಯಂತ್ರಕ್ಕಿಂತಲೂ ಅಂದಿನ ಗೂಡಿಗೆ ಬೇಕಾದ ಹಣದ ಮೇಲೆಯೇ ಇರುವುದು ತಿಳಿಯುತ್ತದೆ. ಸುವಾದವರು ಅರಿತಿದ್ದುದೂ ಇದನ್ನೇ.

ನಮ್ಮ ಕಥೆಯಲ್ಲಿಯೂ ಕಪ್ಪು ಪುಟವಿದೆ. ಚರಕದ ಚಕ್ರವನ್ನು ಮಕ್ಕಳು ತಿರುಗಿಸುತ್ತಿದ್ದ ಕಾಲವೊಂದಿತ್ತು. ಬಿಸಿನೀರಿನಲ್ಲಿ ಸುಲಿದ ಬೆರಳುಗಳು, ಹೊಗೆ ತುಂಬಿದ ಕೋಣೆಗಳು, ಮುಂಗಡದ ಸಾಲಕ್ಕೆ ಕಟ್ಟುಬಿದ್ದ ದುಡಿಮೆ, ಇವುಗಳನ್ನು ಕುರಿತು ಸಾರ್ವಜನಿಕ ವಿಚಾರಣೆಗಳೂ ವರದಿಗಳೂ ಆಗಿವೆ. ಅಲ್ಲಿ ಚಕ್ರ ಅಗ್ಗವಾಗಿ ತಿರುಗಿದ್ದು ಮಗುವಿನ ಕೈ ಅಗ್ಗವಾಗಿದ್ದುದರಿಂದ. ಮಗುವಿನ ಸ್ಥಾನದಲ್ಲಿ ಚಿಕ್ಕ ಮೋಟಾರೊಂದು ಬಂದಾಗ ಆದ ಖರ್ಚನ್ನು ಲೆಕ್ಕದಲ್ಲಿ ಹೆಚ್ಚಳವೆಂದು ಬರೆಯುವುದು ಸರಿಯೆ? ಅದು ಹಿಂದೆ ಲೆಕ್ಕಕ್ಕೆ ಬಾರದೆ ಇನ್ನೊಬ್ಬರ ತಲೆಯ ಮೇಲೆ ಹಾಕಿದ್ದ ಖರ್ಚು, ಅಷ್ಟೆ.

೮

ಮೇಲಿನ ವಿಚಾರದಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮಾದರಿ ಕಾರ್ಖಾನೆಯನ್ನು ಲಾಭನಷ್ಟದಿಂದ ಮಾತ್ರ ಅಳೆಯಬಾರದು. ಅದು ಎಷ್ಟು ಮಂದಿಗೆ ಕಲಿಸಿತೆಂಬುದನ್ನು ಮೊದಲು ಕೇಳಬೇಕು. ಯಂತ್ರವನ್ನು ಅಗ್ಗಗೊಳಿಸುವುದೆಂದರೆ ಅದನ್ನು ಕೀಳುಗೊಳಿಸುವುದೆಂದಲ್ಲ. ಅದರ ಸಾರವನ್ನರಿತು ನಮ್ಮ ನಾಡಿನ ಮರ, ಮಣ್ಣು, ನೀರು ಮತ್ತು ಕುಶಲಿಗರಿಗೆ ಹೊಂದಿಸುವುದು. ಯಂತ್ರ ಕೈಗೆಟುಕಿದರೆ ಸಾಲದು. ಸಾಲ, ಸಂಘ, ಬಿತ್ತನೆ, ಗುಣಪರೀಕ್ಷೆಗಳೂ ಕೈಗೆಟುಕಬೇಕು.

ಕೊನೆಯದಾಗಿ, ಯಾವ ವಸ್ತುವಿನ ಬೆಲೆ ಇಳಿದರೂ ಇಳಿದ ಆ ಪಾಲು ಎಲ್ಲಿಗೆ ಹೋಯಿತೆಂದು ವಿಚಾರಿಸುವುದು ಇತಿಹಾಸಕಾರನ ಕರ್ತವ್ಯ. ಅದು ಬಡಗಿಯ ಜಾಣ್ಮೆಯಲ್ಲಿ ಕರಗಿದ್ದರೆ ಅಭಿವೃದ್ಧಿ. ದುಡಿಯುವವಳ ಎದೆಗೂಡಿನಲ್ಲಿ ಸೇರಿಕೊಂಡಿದ್ದರೆ ಸಾಲ. ಓಕಾಯಾದ ಕಾರ್ಖಾನೆಗಳು ಈ ಎರಡನ್ನೂ ಒಂದೇ ಲೆಕ್ಕದಲ್ಲಿ ಬರೆದುಕೊಂಡವು. ನಮ್ಮ ಲೆಕ್ಕದಲ್ಲಿ ಅವೆರಡಕ್ಕೂ ಬೇರೆ ಬೇರೆ ಅಂಕಣಗಳಿರಲಿ.